ಹಣೆಯ ಮೇಲಿನ ಪಟ್ಟಿ

ಜನವರಿ 12, 1988. ಅಥಣಿ

ಇಂದೂ ಜೀಪು, ಇಂದೂ ಮೈಕು. ಕಾಗವಾಡ, ಶಿರಗುಪ್ಪಿ, ಅನಂತಪುರ. ಗಂಟಲು ಹರಿದಿದೆ. ಶಿಬಿರ ನಡೆಸುವ ನೇಮಿನಾಥ ಸಾವಕಾರರು ಬರೆದುಕೊಟ್ಟದ್ದು ಇಷ್ಟೇ — ಕಣ್ಣಿನ ಪೊರೆ ಇದ್ದವರು ಬನ್ನಿ, ಮಿರಜಕ್ಕೆ ಒಯ್ದು ಆಪರೇಶನ್ ಮಾಡಿಸುತ್ತೇವೆ. ಇದರಲ್ಲಿ ರಸವೆಲ್ಲಿ? ನಾಟಕದಲ್ಲಿ ತೆಗೆಯುವ ರಣರಂಗದ ದನಿ ತೆಗೆದು ನಾನೇ ಸೇರಿಸಿದೆ: ಕತ್ತಲಲ್ಲಿ ಕುಳಿತ ಸಮಸ್ತರೂ ಬೆಳಕು ಕಾಣುವಿರಿ. ಚಪ್ಪಾಳೆ ಬಿತ್ತು.

ನಮ್ಮ ಓಣಿಯಲ್ಲಿ ಕೂಗುವಾಗ ದ್ರೌಪದಿ ಕಟ್ಟೆಯ ಮೇಲೆ ಕುಳಿತು ಕೇಳಿದಳು. ನನ್ನ ಹೆಂಡತಿ, ನಮ್ಮ ನಾಟಕ ಕಂಪನಿಯ ಪ್ರಾಂಪ್ಟರ್, ಮರೆಯಲ್ಲಿ ಕುಳಿತು ನಮಗೆ ಮಾತು ಓದಿ ಹೇಳಿಕೊಡುವವಳು. ಈ ಸೀಸನ್ನಿಗೆ ಅಕ್ಷರ ಮಸುಕು, ಸಾಲು ತಪ್ಪುತ್ತಾಳೆ. ಯುಗಾದಿಯೊಳಗೆ ಕಣ್ಣು ನೆಟ್ಟಗಾಗದಿದ್ದರೆ ಬೇರೆಯವರನ್ನು ಕೂರಿಸುವೆ ಎಂದಿದ್ದಾರೆ, ಮಾಲಕ ಕಾಕಾಸಾಹೇಬರು.

ಜನವರಿ 14

ಶಿಬಿರ. ಟಾರ್ಚು ಬಿಟ್ಟು ನೋಡುತ್ತಾರೆ. ಪೊರೆ ಇದ್ದ ಕಣ್ಣಿನ ಮೇಲೆ, ಹಣೆಗೆ, ಬಿಳಿ ಪಟ್ಟಿ ಅಂಟಿಸುತ್ತಾರೆ. ಪಟ್ಟಿ ಇದ್ದವರಿಗೆ ಬಸ್ಸು.

ದ್ರೌಪದಿಯ ಹಣೆ ಖಾಲಿ. ಪೊರೆಯಲ್ಲ, ಕಣ್ಣಿನ ಹಿಂಭಾಗವೇ ಸವೆದಿದೆಯಂತೆ. ಆಪರೇಶನ್ ಇಲ್ಲ. ದಪ್ಪ ಭೂತಕನ್ನಡಿ, ಹೆಚ್ಚು ಬೆಳಕು, ಉಳಿದ ದೃಷ್ಟಿಯಲ್ಲೇ ಓದಲು ಕಲಿಸುವವರು ಬೇಕು... ಅದೆಲ್ಲ ಮುಂಬಯಿಯಲ್ಲಿ. ಹಾಗಾದರೆ ಕುರುಡರ ಸರ್ಟಿಫಿಕೇಟಾದರೂ ಕೊಡಿ ಎಂದೆ. ಸಾವಕಾರರು ತಲೆಯಾಡಿಸಿದರು.

“ಅಷ್ಟ ಕುರುಡ ಇಲ್ರಿ ಅವರು. ನಡುವಿನವರಿಗೆ ನಮ್ಮ ಕಡೆ ಏನೂ ಇಲ್ಲ ನೋಡ್ರಿ.”

ಅದೇ ದಿನ, ಸಂಜೆ

ಹೊರಟ ಬಸ್ಸಿನ ಕಿಟಕಿಯಲ್ಲಿ ದ್ರೌಪದಿ. ಬಲಹುಬ್ಬಿನ ಮೇಲೆ ಬಿಳಿ ಪಟ್ಟಿ. ನಮ್ಮ ನಾಟಕದ ಬಣ್ಣದ ಪೆಟ್ಟಿಗೆಯದು — ಗಾಯಗೊಂಡ ವೀರರಿಗೆ ಅಂಟಿಸುವುದು. ಕೂಗಲು ಬಾಯಿ ತೆರೆದೆ. ಮುಚ್ಚಿದೆ. ರಂಗಕ್ಕೆ ಇಳಿದವರ ವೇಷ ನಡುವೆ ಕಳಚಬಾರದು...

ಜನವರಿ 18

ಬಸ್ಸು ಬಂತು. ಎಲ್ಲರ ಕಣ್ಣಿಗೂ ಹಸಿರು ಬಟ್ಟೆ. ಇವಳಿಗಿಲ್ಲ. ಬಸ್ಸು ಊರಿಗೆ ತಿರುಗುವವರೆಗೆ ಮಿರಜದ ದವಾಖಾನೆಯ ವರಾಂಡದಲ್ಲಿ ಕುಳಿತಿದ್ದಳಂತೆ. ಪಟ್ಟಿ ಕಿತ್ತಲ್ಲಿ ಚರ್ಮ ಸುಲಿದಿದೆ. ಯಾಕವ್ವಾ ಹೀಗೆ ಮಾಡಿದೆ ಎಂದು ಅಲ್ಲಿಯ ಡಾಕ್ಟರು ಕೇಳಿದರಂತೆ. ನೀನೇನಂದೆ ಎಂದೆ.

“ನಮ್ಮನಿಯವರು ಮೈಕಿನ್ಯಾಗ ಹೇಳ್ಯಾರ್ರಿ, ಎಲ್ಲಾರಿಗೂ ಕಾಣ್ತೈತಿ ಅಂತ. ಹಂಗಂದೆ.”

ಮಾರ್ಚ್ 19

ಯುಗಾದಿ ಮುಗಿಯಿತು. ರಂಗದ ಬದಿಯ ವಿಂಗಿನಲ್ಲಿ, ದ್ರೌಪದಿಯ ಸ್ಟೂಲಿನ ಮೇಲೆ ಈಗ ಗುರಪ್ಪ. ನಾನು ಮಾತು ಮರೆತೆ. ಅವನು ಸರಿಯಾಗಿಯೇ ಓದಿದ.

ಏಪ್ರಿಲ್ 3. ಪಾಲಬಾವಿ

ಮತ್ತೆ ಶಿಬಿರ, ಮತ್ತೆ ಜೀಪು. ದ್ರೌಪದಿಯೂ ಹತ್ತಿದಳು.

“ಈ ಸಲ ನಾ ಹೇಳಿಕೊಡ್ತೀನಿ. ನೀವು ಅಷ್ಟ ಅನ್ರಿ.”

ಹಿಂದಿನ ಸೀಟಿನಿಂದ ಅವಳ ಪಿಸುದನಿ, ಮುಂದೆ ನನ್ನ ಗರ್ಜನೆ. ಪೊರೆ ಇದ್ದವರಿಗೆ ಆಪರೇಶನ್. ಅಂದೆ. ಪೂರ್ತಿ ಕಾಣದವರಿಗೆ ಸರ್ಟಿಫಿಕೇಟು. ಅಂದೆ. ಉಳಿದವರು... ಅಂದೆ. ಹಿಂದಿನಿಂದ ಮುಂದಿನ ಮಾತು ಬರಲಿಲ್ಲ. ಕಾದೆ. ಮೈಕು ಚಾಲೂ ಇತ್ತು. ಕಟ್ಟೆಯ ಮೇಲಿನ ಜನ ನನ್ನ ಬಾಯಿ ನೋಡುತ್ತಿದ್ದರು. ಮತ್ತೊಮ್ಮೆ ಅಂದೆ, ಉಳಿದವರು —