ನಡುವೆ ಚಪ್ಪಾಳೆ ಬೇಡ

ತಲ್ಲೂರು, ೧೨-೫-೨೦೦೪

ಕ್ಲಬ್ಬಿನ ಅಧ್ಯಕ್ಷರಾದ ರತೀಶಣ್ಣನಿಗೆ ವಿನಯಾಳ ನಮಸ್ಕಾರ.

ಕಳೆದ ಸಭೆಗೆ ನನ್ನನ್ನು ಅತಿಥಿಯಾಗಿ ಕರೆದು ಮಾತಾಡಿಸಿದಿರಿ. ತ್ರಾಸಿಯ ಕಡಲಲ್ಲಿ ಮುಳುಗಿಹೋದ ತಮ್ಮನ ಹೆಸರು ಹೇಳುವಾಗ ಉಗ್ಗಿ ಉಗ್ಗಿ ನನ್ನ ಮಾತು ನಿಂತೇಹೋಯಿತು. "ಸಾಕ್ ತಂಗಿ, ಕೂಕೋ" ಎಂದು ನೀವು ಕನಿಕರದಿಂದ ಹೇಳಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮೂರ ಮಕ್ಕಳಿಗೆ ಕ್ಲಬ್ಬು ಈಜು ಕಲಿಸಬೇಕೆಂಬ ಮುಖ್ಯ ಮಾತು ಬಾಯಲ್ಲೇ ಉಳಿಯಿತು.

ಮನೆಗೆ ಬಂದಾಗ ಅಮ್ಮ ಕೇಳಿದರು, "ಸುಜನನ ಹೆಸ್ರ್ ಹೇಳ್ದ್ಯಾ?" ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ನನ್ನನ್ನು ಇನ್ನೊಮ್ಮೆ ಕರೆಯಿರಿ. ಶಾಲು, ಹಾರ ಬೇಡ. ಮಾತು ನಿಂತರೆ ಚಪ್ಪಾಳೆ ತಟ್ಟದೆ ಎಲ್ಲರೂ ಕಾಯಬೇಕು, ಅಷ್ಟೇ. ಈ ಸಲ ಅಮ್ಮನೂ ಬರುತ್ತಾರೆ. ಎದುರಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಇಡಿಸಿ. ಎಷ್ಟು ಹೊತ್ತಾದರೂ ಹೇಳಿ ಮುಗಿಸಿಯೇ ಕೂರುತ್ತೇನೆ.

ಇಂತು,
ವಿನಯಾ