ಸರೋವರದ ಹವಾಮಾನ ಹೇಳುತ್ತಿದ್ದವಳಿಗೆ

ಅಕೋತ್,

ನೀನು ತೀರಿಕೊಂಡ ಮೇಲೆ ನಮ್ಮ ಕಂಪನಿಗೆ ಬಂದ ಮೂರನೆಯ ಮುಖ್ಯಸ್ಥರು ಈ ಮುಟಿಸ್ಯಾ. ಮೊದಲು ಬಂದವಳು ಮೀನುಗಾರರ ಆ್ಯಪ್‌ಗೆ ಬಣ್ಣ ಬದಲಿಸಿದಳು, ಆಮೇಲೆ ಬಂದವನು ಹೆಸರು ಬದಲಿಸಿದ. ಇವರು ಬಂದ ವಾರವೇ, ನೀನು ಹೋದ ಮೇಲೂ ಆ ಆ್ಯಪ್‌ನಲ್ಲಿ ದಿನಾ ಹವಾಮಾನ ಹೇಳುತ್ತಿದ್ದ ನಿನ್ನ ಮುದ್ರಿತ ದನಿಗೆ ಕೈಹಾಕಿದರು.

"ಗಾಳಿ ಮಳೆ ಹೇಳೋಕೆ ಲುವೋ ಭಾಷೆ ಯಾಕ್ರೀ? ಯಂತ್ರ ಸ್ವಾಹಿಲಿಯಲ್ಲಿ ಹೇಳತ್ತೆ. ಇಡೀ ದೇಶಕ್ಕೆ ಒಂದೇ ದನಿ ಸಾಕು."

"ಸರ್, ಸರೋವರದ ದಡದ ಕಿಸುಮು ಕಡೆಯವರ ಮನೆಮಾತೇ ಲುವೋ, ಅವರು ಆ ದನಿ ನಂಬಿ ದೋಣಿ ಇಳಿಸ್ತಾರೆ."

"ಹಿಂದಿನವರ ಗಂಟುಮೂಟೆ ನಾನು ಹೊರೋಕಾಗಲ್ಲ ಒಕೆಲೊ."

ಬಂದವರಿಗೆಲ್ಲ ಮೊದಲಿನಿಂದ ವಿವರಿಸಿ ಸಾಕಾಗಿದೆ. ನಿನ್ನ ಧ್ವನಿಮುದ್ರಣಗಳನ್ನು ನಾನೇ ಅಳಿಸಿದೆ. "ಬಿರುಗಾಳಿ" ಎನ್ನುವಾಗ ನೀನು ನಕ್ಕುಬಿಟ್ಟಿದ್ದ ತುಣುಕನ್ನು ಮಾತ್ರ ನನ್ನ ಫೋನಿಗೆ ಹಾಕಿಕೊಂಡೆ. ಇನ್ನೂ ಕೇಳಿಲ್ಲ.

ಇವತ್ತು ಬೆಳಿಗ್ಗೆ ದುಂಗಾ ದಡದಿಂದ ಮುದುಕ ಒಚೊಲ ಫೋನ್ ಮಾಡಿದ್ದರು. ಹೊಸ ದನಿಯನ್ನು ನಂಬದೆ ಅಲ್ಲಿ ಯಾರೂ ನೀರಿಗೆ ಇಳಿದಿರಲಿಲ್ಲ.

"ಮಗಾ, ನಮ್ಮ ಹುಡುಗಿ ಎಲ್ಲಿ? ಹುಷಾರಿಲ್ವಾ?"

"ರಜೆ ಮೇಲಿದ್ದಾಳೆ, ಅಜ್ಜಾ."

"ಹಂಗಾ? ಸುಧಾರಿಸ್ಕೊಳ್ಲಿ ಬಿಡು, ಎಷ್ಟು ಅಂತ ಮಾತಾಡ್ತಾಳೆ ಪಾಪ. ಅಲ್ಲೀವರೆಗೂ ಮೋಡ ನೋಡ್ಕೊಂಡು ದೋಣಿ ಬಿಡ್ತೀವಿ. ಕಾಯ್ತಿದೀವಿ ಅಂತ ಹೇಳು ಅವಳಿಗೆ."

ಹೇಳ್ತೀನಿ ಅಂದೆ, ಅಕೋತ್.