ಎಡಗಾಲಿನ ತಾಳ

ಪ್ರೀತಿಯ ಮಾಸ್ಟರ್,

ನಮ್ಮ ರಾಕ್ ಬ್ಯಾಂಡಿನ ಎರಡನೇ ಆಲ್ಬಂ ಬಂತು. ಮೊದಲು ಈ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು "ಪೀಠಿಕೆ ಸಾಕು ಪಾಪಾ, ಪಲ್ಲವಿಗೆ ಬಾ" ಅನ್ನುತ್ತೀರಿ. ಎಂಟು ಹಾಡು. ಹೆಸರು 'ಎಡಗಾಲು'. ಹೌದು, ನಿಮ್ಮದೇ ಎಡಗಾಲು. ಕೇಳದೆ ಇಟ್ಟೆವು, ಕೇಳೋಣವೆಂದರೆ ನೀವು ಹೋಗಿ ಒಂದೂವರೆ ವರ್ಷವಾಯಿತು. ಈ ಕಾಲದಲ್ಲಿ ಸಿ.ಡಿ. ಯಾರಿಗೂ ಬೇಡ, ಆದರೂ ಅಮ್ಮನ ಕೈಗೆ ಕೊಡಲೆಂದು ಒಂದಷ್ಟು ಮಾಡಿಸಿದೆವು. ಹೆಸರು ಓದಿ ಅವಳಿಗೆ ತಲೆಬಿಸಿ. "ಎಲ್ರೂ ಬಲಗಾಲಿಟ್ಟು ಒಳಗೆ ಬಾ ಅಂತಾರೆ. ನಿಂದೇನೇ ಮಾರಾಯ್ತಿ ಇದು?" ಎಂದಳು. ಯಾರ ಕಾಲು ಎಂದು ಹೇಳಿದೆ. ಒಳಗೆ ಹೋದವಳು ಸಿ.ಡಿ.ಗೆ ಕುಂಕುಮ ಹಚ್ಚಿಕೊಂಡು ಬಂದಳು.

ಭದ್ರಾವತಿ ಹಳೇನಗರದ ನಿಮ್ಮ ತಗಡಿನ ಶೆಡ್ಡು, ಅದರ ಎದುರಿಗೇ ನಮ್ಮಪ್ಪನ ಗೊಬ್ಬರದ ಅಂಗಡಿ. ಭಾನುವಾರ ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಅಂಗಡಿ ನೋಡಿಕೊಳ್ಳುವುದು ನನ್ನ ಕೆಲಸ. ನಾನು ನೋಡುತ್ತಿದ್ದದ್ದು ಮಾತ್ರ ನಿಮ್ಮ ಶೆಡ್ಡು. ಮದುವೆ ಸೀಸನ್ ಮುಗಿದ ಮೇಲೂ ನಿಮ್ಮ ಬ್ಯಾಂಡಿನ ಹನ್ನೆರಡು ಜನ ಅಭ್ಯಾಸ ತಪ್ಪಿಸುತ್ತಿರಲಿಲ್ಲ. ಒಂದು ದಿನ ನೀವು ಕ್ಲಾರಿನೆಟ್‌ನಲ್ಲಿ ಏನೋ ಊದಿದಿರಿ. ದೇವರ ಹಾಡಲ್ಲ, ಸಿನಿಮಾ ಹಾಡಲ್ಲ. ಹಟ ಹಿಡಿದ ಮಗುವಿನ ಹಾಗೆ ಅದದೇ ನಾಲ್ಕು ಸ್ವರ, ಮತ್ತೆ ಮತ್ತೆ. ನಾನು ಅಂಗಡಿ ಬಿಟ್ಟು ಓಡಿ ಬಂದೆ.

"ಇದ್ಯಾವ ಹಾಡು ಮಾಸ್ಟರ್?"

"ಯಾರಿಗ್ ಗೊತ್ತು ಪಾಪಾ? ಫ್ಯಾಕ್ಟ್ರಿಗೆ ಬಂದಿದ್ದ ಫಾರಿನ್ ಇಂಜಿನಿಯರ್ ಒಬ್ಬ ಕ್ಯಾಸೆಟ್ ಬಿಟ್ಟೋಗಿದ್ದ. ರಾಕು ಅಂತೆ. ಮಾತು ಒಂದೂ ಅರ್ಥ ಆಗಲ್ಲ. ಆದ್ರೆ ಊದಿದ್ರೆ ಮದುಮಗನ ಮಾವಂದಿರು ಕುಣೀತಾರೆ."

ಪಾಪಾ ಎಂದರೆ ನಿಮ್ಮ ಮನೆಯ ತಮಿಳಿನಲ್ಲಿ ಪುಟ್ಟ ಹುಡುಗಿ. ನನಗೆ ಮೂವತ್ತು ದಾಟಿದರೂ ನೀವು ಅದನ್ನು ಬದಲಿಸಲಿಲ್ಲ. ಗಿಟಾರನ್ನು ಕಣ್ಣಿನಿಂದ ನೋಡುವ ಮೊದಲೇ ನಾನು ರಾಕ್ ಕೇಳಿದ್ದು ಹೀಗೆ, ಮದುವೆ ಬ್ಯಾಂಡಿನ ಕ್ಲಾರಿನೆಟ್‌ನಲ್ಲಿ. ಎಷ್ಟು ಜನಕ್ಕೆ ಇಂಥ ಅದೃಷ್ಟ ಇರುತ್ತದೆ ಹೇಳಿ? ಅದೇ ಭಾನುವಾರ ನೀವು ನನ್ನ ಕೈಗೆ ಎರಡು ಕೋಲು ಕೊಟ್ಟು ಸೈಡ್ ಡ್ರಮ್ಮಿನ ಮುಂದೆ ಕೂರಿಸಿದಿರಿ.

ನಾನು ನಿಮ್ಮ ಜೊತೆ ನಡೆದ ಆ ಒಂದೇ ಒಂದು ಮೆರವಣಿಗೆ ನೆನಪಿದೆಯಾ? ನನಗೆ ಆಗ ಹದಿನಾಲ್ಕು. ಸೈಡ್ ಡ್ರಮ್ಮಿನ ಮುನಿಯಪ್ಪನಿಗೆ ಜ್ವರ, ಅಪ್ಪ ಸರಕು ತರಲು ದಾವಣಗೆರೆಗೆ ಹೋಗಿದ್ದರು. ನಿಮ್ಮ ಬ್ಯಾಂಡಿನ ಕೆಂಪು ಕೋಟು ನನಗೆ ಮೊಣಕಾಲಿನವರೆಗೆ, ಟೋಪಿ ಹುಬ್ಬಿನವರೆಗೆ. ನಿಮ್ಮ ಬ್ಯಾಂಡಿಗೆ ಒಂದು ಕಟ್ಟುನಿಟ್ಟು ಇತ್ತು: ದಾರಿಯಲ್ಲಿ ಆಸ್ಪತ್ರೆ ಬಂದರೆ, ಕಾಂಪೌಂಡ್ ಶುರುವಾಗುವ ಕಡೆ ವಾದ್ಯ ಬಂದ್. ಒಳಗೆ ನರಳುತ್ತಾ ಮಲಗಿದವರಿಗೆ ನಮ್ಮ ಗದ್ದಲ ಬೇಡ. ಆದರೆ ಹಾಡು ನಿಲ್ಲುವಂತಿಲ್ಲ! ಹನ್ನೆರಡು ಜನರೂ ಅದನ್ನು ಮನಸ್ಸಿನೊಳಗೇ ನಡೆಸಿಕೊಂಡು ಹೋಗಿ, ಕಾಂಪೌಂಡ್ ಮುಗಿಯುವ ಬೇವಿನಮರದ ಹತ್ತಿರ ಎಲ್ಲರೂ ಒಟ್ಟಿಗೆ, ಹಾಡು ಎಲ್ಲಿರಬೇಕೋ ಅಲ್ಲಿಂದಲೇ, 'ಢಂ' ಎಂದು ಹಿಡಿಯಬೇಕು. ಯಾರೂ ಯಾರಿಗೂ ಸನ್ನೆ ಮಾಡುವುದಿಲ್ಲ. ನಾನು ಶ್ರದ್ಧೆಯಿಂದ ಒಂದು, ಎರಡು ಎಂದು ಎಣಿಸಿಕೊಂಡು ಹೊರಟೆ. ಎಣಿಸಿ ಎಣಿಸಿ, ಆಸ್ಪತ್ರೆಯ ಗೇಟಿಗೆ ಸರಿಯಾಗಿ ಎದುರು, ಒಬ್ಬಳೇ 'ಢಣ್' ಎಂದು ಬಾರಿಸಿಬಿಟ್ಟೆ. ತೆರೆದ ಜೀಪಿನಲ್ಲಿದ್ದ ಮದುಮಗ ಬೆಚ್ಚಿ ಬಿದ್ದು ಬಾಸಿಂಗ ಹಿಡಿದುಕೊಂಡ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನೀವು ತಿರುಗಿ ಸಹ ನೋಡಲಿಲ್ಲ. ಮುಂದೆ ನಡೆಯುತ್ತಲೇ ಮೆಲ್ಲಗೆ ಹೇಳಿದಿರಿ: "ಎಣಿಸ್ಬೇಡ ಪಾಪಾ. ನನ್ ಕಾಲ್ ನೋಡು."

ಆಗ ನೋಡಿದೆ. ಚಿಕ್ಕಂದಿನ ಪೋಲಿಯೊದಿಂದ ಸೊರಗಿದ ನಿಮ್ಮ ಎಡಗಾಲು. ಬಲಗಾಲು ಗಟ್ಟಿಯಾಗಿ ಊರುತ್ತಿತ್ತು, ಎಡಗಾಲು ಸ್ವಲ್ಪ ತಡವಾಗಿ ನೆಲ ಸವರಿಕೊಂಡು ಬರುತ್ತಿತ್ತು. ಧಪ್… ಸರ್ರ್. ಧಪ್… ಸರ್ರ್. ಹಿಂದಿನವರೆಲ್ಲರ ಕಣ್ಣೂ ಅದರ ಮೇಲೇ. ನಿಮ್ಮ ಬ್ಯಾಂಡಿನ ತಾಳಕ್ಕೆ ಊರಿನ ಬೇರೆ ಯಾವ ಬ್ಯಾಂಡಿಗೂ ಇಲ್ಲದ ಒಂದು ತೂಗಾಟ ಏಕೆ ಇತ್ತೆಂದು ನನಗೆ ಗೊತ್ತಾಗಿದ್ದು ಅವತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಏನು ಮಾಡಿದೆ? ನಮ್ಮ ಮೊದಲ ಆಲ್ಬಂ 'ಕುಲುಮೆ' ಬಂದಾಗ ಯಾವುದೋ ಆನ್‌ಲೈನ್ ಚಾನೆಲ್‌ನವರು ಸಂದರ್ಶನ ಮಾಡಿದರು. ಗಿಟಾರಿನ ಪ್ರವೀಣ, ಬಾಸ್ ನುಡಿಸುವ ಸಮೀರ, ಇಬ್ಬರೂ ಸರಾಗವಾಗಿ ಇಂಗ್ಲೆಂಡು ಅಮೆರಿಕದ ಬ್ಯಾಂಡುಗಳ ಹೆಸರು ಉದುರಿಸಿದರು. ನನ್ನ ಸರದಿ ಬಂತು. ಅವರ ಮಧ್ಯೆ ಕೂತು ಮದುವೆ ಬ್ಯಾಂಡು ಅನ್ನಲು ನಾಲಿಗೆ ಹೊರಳಲಿಲ್ಲ. "ನನಗೆ ಗುರು ಅಂತ ಯಾರೂ ಇಲ್ಲ, ಇಂಟರ್ನೆಟ್ ನೋಡಿ ಕಲಿತೆ" ಎಂದೆ. ನಾಚಿಕೆಯಾಗಿತ್ತು ಮಾಸ್ಟರ್, ಅಷ್ಟೇ. ಅದಕ್ಕೆ ಈಗ ಬೇರೆ ಬಣ್ಣ ಹಚ್ಚುವುದಿಲ್ಲ.

ಮುಂದಿನ ವಾರ ಶೆಡ್ಡಿಗೆ ಬಂದಾಗ ನೀವು ಎಂದಿನಂತೆ ಟೀ ತರಿಸಿದಿರಿ. ಯಾರೋ ಮೊಬೈಲಿನಲ್ಲಿ ಸಂದರ್ಶನ ತೋರಿಸಿದ್ದರು, ನಿಮ್ಮ ಕಣ್ಣಲ್ಲೇ ಗೊತ್ತಾಯಿತು. "ನಿಮ್ ಇಂಟರ್ನೆಟ್ ಮೇಷ್ಟ್ರು ಚೆನ್ನಾಗೇ ಕಲ್ಸಿದ್ದಾರೆ ಪಾಪಾ. ಕೈ ಏನ್ ಓಡ್ತದೆ! ಕಾಲು ಮಾತ್ರ ಕೇಳ್ಸಲ್ಲ" ಎಂದು ನಕ್ಕುಬಿಟ್ಟಿರಿ. ಅವತ್ತೇ ಒಂದು ಮಾತು ಹೇಳಿಬಿಡಬಹುದಿತ್ತು. ಮುಂದಿನ ಸಲ ಹೇಳೋಣ, ಅದರ ಮುಂದಿನ ಸಲ ಹೇಳೋಣ ಅಂತ… ನೀವು ಹೋದ ದಿನ ನಾವು ಕಾರ್ಯಕ್ರಮಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದೆವು. ಬಸ್ಸಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶೆಡ್ಡಿನ ಗೂಟದಲ್ಲಿ ನಿಮ್ಮ ಟೋಪಿ ಇತ್ತು. ಅಲ್ಲೇ ಕೂತು ಅತ್ತೆ. ಸಾಕು, ಇದು ಅಳುವ ಪತ್ರ ಅಲ್ಲ.

ಎರಡನೇ ಆಲ್ಬಮ್ಮಿನ ಕೆಲಸ ಶುರುವಾಗಿದ್ದು ಶಿವಮೊಗ್ಗದ ನವುಲೆಯಲ್ಲಿ ಈಗಿರುವ ನಮ್ಮ ಮನೆಯ ಮಹಡಿಯ ಮೇಲೆ. ಸದ್ದು ಹೊರಗೆ ಹೋಗದಿರಲೆಂದು ಪ್ರವೀಣ ತನ್ನ ಮನೆಯವರ ಅಡಿಕೆ ಮಂಡಿಯಿಂದ ಹಳೆಯ ಚೀಲ ತಂದು ಗೋಡೆಗೆಲ್ಲ ಹೊಡೆದಿದ್ದಾನೆ. ಅಭ್ಯಾಸ ಮುಗಿಸಿ ಹೊರಬಂದರೆ ಮೂವರೂ ಮಂಡಿ ವ್ಯಾಪಾರಿಗಳಂತೆ ವಾಸನೆ ಬರುತ್ತೇವೆ. ಒಂದು ದಿನ ನನಗೇ ಗೊತ್ತಿಲ್ಲದೆ ನಿಮ್ಮ ತಾಳ ಕೈಗೆ ಬಂತು. ಪ್ರವೀಣ ಗಿಟಾರ್ ನಿಲ್ಲಿಸಿದ.

"ಏನೇ ಉಮಾ ಇದು? ಕುಂಟ್ತಾ ಇದೆಯಲ್ಲ?"

"ಹೂಂ, ಕುಂಟ್ತಾ ಇದೆ. ಕುಂಟಬೇಕು."

ಆಮೇಲೆ ಎಲ್ಲ ಹೇಳಿಬಿಟ್ಟೆ. ಶೆಡ್ಡು, ಕ್ಯಾಸೆಟ್ಟು, ಆಸ್ಪತ್ರೆ, ಇಂಟರ್ನೆಟ್ಟಿನ ಸುಳ್ಳು. ನಗುತ್ತಾರೆ ಅಂದುಕೊಂಡಿದ್ದೆ. ಪ್ರವೀಣ ಗಿಟಾರಿನ ತಂತಿ ಕೆರೆಯುತ್ತಾ, "ನಮ್ಮಜ್ಜ ಹೊಳಲೂರಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸ್ತಿದ್ರು ಕಣೇ. ನಾನೂ ಯಾರಿಗೂ ಹೇಳಿಲ್ಲ" ಎಂದ. ಸಮೀರ ತನ್ನ ತಾತ ಉರುಸಿನಲ್ಲಿ ಡೋಲಕ್ ಬಾರಿಸುತ್ತಿದ್ದದ್ದನ್ನು ಬಾಯಿಬಿಟ್ಟ. ನೋಡಿ, ಮೂವರು ಕಳ್ಳರು ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತು ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದೆವು! ಎರಡನೇ ಆಲ್ಬಮ್ಮಿನ ಹಾಡುಗಳೆಲ್ಲ ಆ ಮಧ್ಯಾಹ್ನದಿಂದ ಹುಟ್ಟಿದವು. ಮೂರನೇ ಹಾಡಿನ ಗಿಟಾರು ಅಜ್ಜನ ಹಾರ್ಮೋನಿಯಂ, ಐದನೆಯದರ ಬಾಸ್ ಉರುಸಿನ ಡೋಲಕ್ಕು. ವಿದೇಶದ ಬ್ಯಾಂಡುಗಳೂ ಇವೆ, ಅವನ್ನೇನು ಓಡಿಸಿಲ್ಲ. ಆದರೆ ಎಲ್ಲರೂ ನಿಮ್ಮ ಹಿಂದೆ ನಡೆಯುತ್ತಾರೆ.

ಸ್ಟುಡಿಯೋದ ಗಿರಿಯ ಕಥೆ ನೀವು ಕೇಳಲೇಬೇಕು. ವಿನೋಬನಗರದಲ್ಲಿ ಅವನದೊಂದು ಪುಟ್ಟ ಸ್ಟುಡಿಯೋ. ಗಣಪತಿ ಹಬ್ಬಕ್ಕೆ ಭಕ್ತಿಗೀತೆ, ಚುನಾವಣೆಗೆ ಆಟೋ ಪ್ರಚಾರ, ಇಷ್ಟೇ ಅವನ ಪ್ರಪಂಚ. ನಾನು ಬಾರಿಸಿ ಟೀ ಕುಡಿದು ಬರುವಷ್ಟರಲ್ಲಿ ಅವನು ಕಂಪ್ಯೂಟರಿನಲ್ಲಿ ಒಂದೊಂದು ಪೆಟ್ಟನ್ನೂ ಹಿಡಿದೆಳೆದು ಸಾಲಾಗಿ ಕೂರಿಸಿದ್ದ. "ಎಡ್ವಟ್ಟಾಗಿತ್ತು ಮೇಡಂ, ಎಲ್ಲಾ ನೆಟ್ಟಗೆ ಮಾಡಿದೀನಿ" ಎಂದು ಹೆಮ್ಮೆ ಬೇರೆ. ಕೇಳಿದರೆ ನಿಮ್ಮ ಕಾಲು ಸರಿಹೋಗಿ ನೀವು ಕವಾಯತು ಮಾಡುತ್ತಿದ್ದೀರಿ! "ಗಿರಿ, ನಿಮ್ಮ ದಮ್ಮಯ್ಯ, ಮೊದಲಿನ ಹಾಗೇ ಎಡವಟ್ಟು ಮಾಡಿಕೊಡಿ" ಎಂದು ಗೋಗರೆಯಬೇಕಾಯಿತು.

ಕೊನೆಯ ಹಾಡಿಗೆ ಆಸ್ಪತ್ರೆ ಬೇಕಿತ್ತು. ಹಾಡಿನ ನಡುವೆ ವಾದ್ಯ ನಿಲ್ಲಬೇಕು, ನಿಮ್ಮ ಕಾಂಪೌಂಡ್ ದಾಟುವಷ್ಟು ಹೊತ್ತು ಮೌನ, ಆಮೇಲೆ ಮೂವರೂ ಒಟ್ಟಿಗೆ. ಎಷ್ಟು ಹೊತ್ತು ಎಂದು ತಿಳಿಯಲು ನಾನು ಮತ್ತು ಪ್ರವೀಣ ಒಂದು ಬೆಳಿಗ್ಗೆ ಭದ್ರಾವತಿಗೆ ಬಂದೆವು. ಪ್ರವೀಣ ಮೊಬೈಲಿನಲ್ಲಿ ಸಮಯ ನೋಡುತ್ತಿದ್ದ, ನಾನು ನಿಮ್ಮ ಹಾಗೆ ಎಡಗಾಲು ಎಳೆಯುತ್ತಾ ನಡೆದೆ. ಗೇಟಿನ ಹತ್ತಿರ ವಾಚ್‌ಮನ್ ಓಡಿ ಬಂದರು. "ಅಯ್ಯೋ, ಯಾಕಮ್ಮ ನಡ್ಕೊಂಡ್ ಬಂದೆ? ಓಪಿಡಿ ಆ ಕಡೆ. ತಡಿ, ವೀಲ್‌ಚೇರ್ ತರ್ತೀನಿ." ಪ್ರವೀಣ ನಕ್ಕು ನಕ್ಕು ಸಮಯ ಹಿಡಿಯುವುದನ್ನೇ ಮರೆತ. ಮತ್ತೊಮ್ಮೆ ಮೊದಲಿನಿಂದ ನಡೆದೆ. ಸಿಕ್ಕಿದ್ದು ಐವತ್ತೆರಡು ಸೆಕೆಂಡು. ಹಾಡನ್ನು ಇಂಟರ್ನೆಟ್ಟಿಗೆ ಹಾಕುವ ಕಂಪನಿಯವರಿಗೆ ಕಳಿಸಿದರೆ ಎರಡೇ ದಿನಕ್ಕೆ ವಾಪಸ್ ಬಂತು, ನಡುವೆ ಸದ್ದೇ ಇಲ್ಲ, ಪರಿಶೀಲಿಸಿ ಎಂಬ ಒಕ್ಕಣೆಯ ಜೊತೆಗೆ. ಇದು ತಪ್ಪಲ್ಲ, ಆಸ್ಪತ್ರೆ ಎಂದು ಉತ್ತರ ಬರೆದೆವು. ಏನರ್ಥವಾಯಿತೋ, ಒಪ್ಪಿಕೊಂಡರು.

ಹೊಸ ಆಲ್ಬಂ ಬಂದ ಮೇಲೂ ಒಬ್ಬ ಸಂದರ್ಶಕ ಬಂದ. "ನಿಮ್ಮ ಡ್ರಮ್ಮಿನಲ್ಲಿ ಬ್ಲೂಸ್ ಪ್ರಭಾವ ಕಾಣುತ್ತದೆ, ಜಮೈಕಾದ ಛಾಯೆ ಕೂಡ…" ಎಂದ. "ಜಮೈಕಾ ಅಲ್ಲ ಸರ್, ಹಳೇನಗರ" ಎಂದು ಶುರುಮಾಡಿ ಅರ್ಧ ಗಂಟೆ ನಿಮ್ಮ ಬಗ್ಗೆ ಹೇಳಿದೆ. ಅಬ್ಬಾ, ಎದೆ ಎಷ್ಟು ಹಗುರಾಯಿತು! ಲೇಖನ ಬಂತು. ಬ್ಲೂಸ್ ಇತ್ತು, ಜಮೈಕಾ ಇತ್ತು. ನೀವು ಇರಲಿಲ್ಲ. ಅವನ ಮೇಲೆ ಕೆಂಡದಂಥ ಕೋಪ ಬಂತು. ಆಮೇಲೆ ಮೊದಲು ನಿಮ್ಮನ್ನು ಕೈಬಿಟ್ಟವಳು ನಾನೇ ತಾನೇ ಅನ್ನಿಸಿ ಸುಮ್ಮನಾದೆ. ಉಳಿದಿದ್ದು ಒಂದೇ ದಾರಿ, ಶಿವಮೊಗ್ಗದ ಬಿಡುಗಡೆ ಕಾರ್ಯಕ್ರಮ. ಶೆಡ್ಡಿಗೆ ಹೋಗಿ ನಿಮ್ಮ ಹನ್ನೊಂದು ಜನರನ್ನೂ ಕರೆದೆ. ದೊಡ್ಡ ಡ್ರಮ್ಮಿನ ಸುಬ್ರಮಣಿಯಣ್ಣ, "ಬರ್ತೀವಿ. ಡ್ರೆಸ್ ಹಾಕ್ಕೊಂಡೇ ಬರ್ತೀವಿ" ಎಂದರು.

ಹೋದ ಶನಿವಾರ ಸಂಜೆ ರಂಗಮಂದಿರ ತುಂಬಿತ್ತು. ಹಿಂದಿನ ಸಾಲಿನಲ್ಲಿ ಹನ್ನೊಂದು ಕೆಂಪು ಕೋಟು. ಕೊನೆಯ ಹಾಡಿಗೆ ಮೊದಲು ನಿಮ್ಮ ವಿಷಯ ಹೇಳಬೇಕೆಂದು ಮೈಕ್ ಹಿಡಿದೆ. "ಮೊದಲ ಸಲ ನಾನೊಂದು ಸುಳ್ಳು ಹೇಳಿದ್ದೆ…" ಅಷ್ಟೇ. ಮೈಕ್ ಪಕ್ಕಕ್ಕಿಟ್ಟು ಹಾಡು ಶುರುಮಾಡಿದೆ. ನಡುವೆ ಮೌನದ ಜಾಗ ಬಂತು, ಮೂವರೂ ನಿಲ್ಲಿಸಿದೆವು. "ಕರೆಂಟ್ ಹೋಯ್ತೇನ್ರಪ್ಪಾ?" ಎಂದು ಯಾರೋ ಕೇಳಿದರು, ದೀಪ ಉರಿಯುತ್ತಲೇ ಇತ್ತು. ಮುಗಿಯಿತೆಂದುಕೊಂಡು ಒಂದಷ್ಟು ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ನನ್ನ ತಾಳ ಕೈಬಿಟ್ಟು ಹೋಯಿತು ಮಾಸ್ಟರ್. ಮತ್ತೆ ಅದೇ ಕೆಲಸ, ಗಾಬರಿಯಲ್ಲಿ ಎಣಿಸಲು ಶುರುಮಾಡಿದ್ದೆ. ಪ್ರವೀಣ, ಸಮೀರ ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ, ನಾನು ಎಲ್ಲಿದ್ದೇನೆಂದು ನನಗೇ ಗೊತ್ತಿಲ್ಲ. ಮದುಮಗ, ಬಾಸಿಂಗ, ಆ ಒಂಟಿ 'ಢಣ್' ಎಲ್ಲ ಕಣ್ಣ ಮುಂದೆ.

ಆಗ ಹಿಂದಿನಿಂದ ಕೇಳಿಸಿತು. ಧಪ್… ಸರ್ರ್. ಧಪ್… ಸರ್ರ್. ನಿಮ್ಮವರು ಎದ್ದು ನಿಂತಿದ್ದರು. ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು, ಹನ್ನೊಂದು ಜನರೂ ಎಡಗಾಲು ಎಳೆಯುತ್ತಾ. ಅವರಲ್ಲಿ ಒಬ್ಬರಿಗೂ ಕಾಲಿನ ತೊಂದರೆ ಇಲ್ಲ, ನಿಮಗೇ ಗೊತ್ತು. ನಿಮ್ಮ ಹಿಂದೆ ನಡೆದೂ ನಡೆದೂ ಅವರಿಗೆ ಮೌನ ಬಂದರೆ ಕಾಲು ಹಾಗೇ ಹೋಗುತ್ತದೆ. ನಾನು ಎಣಿಸುವುದನ್ನು ಬಿಟ್ಟೆ. ಹೊತ್ತು ಬಂದಾಗ ಮೂವರ ಕೈಯೂ ಒಟ್ಟಿಗೆ ಬಿತ್ತು, ಢಂ! ಸುಬ್ರಮಣಿಯಣ್ಣ ಟೋಪಿ ಮೇಲಕ್ಕೆ ಎಸೆದರಂತೆ, ಅದು ಇನ್ನೂ ಸಿಕ್ಕಿಲ್ಲ. ಹಾಡು ಮುಗಿದ ಮೇಲೆ ಮೈಕ್ ಹಿಡಿದೆ. ಈ ಸಲ ಅರ್ಧಕ್ಕೆ ಬಿಡಲಿಲ್ಲ. "ನನಗೆ ತಾಳ ಕಲಿಸಿದವರು ಭದ್ರಾವತಿಯ ಮದುವೆ ಬ್ಯಾಂಡಿನ ಅರುಳಪ್ಪ ಮಾಸ್ಟರ್. ಈಗ ನೀವು ಕೇಳಿದ್ದು ಅವರ ಎಡಗಾಲು" ಎಂದೆ. ಎಲ್ಲರೂ ಎದ್ದು ನಿಂತರು. ನೀವೂ ಒಂದು ಸಲ ನೋಡಬೇಕಿತ್ತು…

ಹೊರಡುವಾಗ ಸುಬ್ರಮಣಿಯಣ್ಣ ಹತ್ತಿರ ಬಂದು ಕಿವಿಯಲ್ಲಿ, "ಎಣಿಸ್ತಾ ಇದ್ಯಲ್ಲ ಪಾಪಾ, ಮುಖ ನೋಡಿದ್ರೇ ಗೊತ್ತಾಯ್ತು" ಎಂದರು. ಇನ್ನೊಂದು ಸುದ್ದಿಯನ್ನೂ ಅವರೇ ಹೇಳಿದರು. ಬರುವ ಭಾನುವಾರ ಬೆಳಿಗ್ಗೆ ಭದ್ರಾವತಿಯಲ್ಲಿ ಒಂದು ಮದುವೆಯ ಮೆರವಣಿಗೆ, ಮುನಿಯಪ್ಪನವರಿಗೆ ಈಗ ಭುಜದ ನೋವು, ಸೈಡ್ ಡ್ರಮ್ಮಿಗೆ ಜನ ಇಲ್ಲ. ನಾನು ಒಪ್ಪಿಕೊಂಡಿದ್ದೇನೆ. ಶೆಡ್ಡಿನ ಗೂಟದಲ್ಲಿದ್ದ ನಿಮ್ಮ ಟೋಪಿ ಈಗ ನನ್ನ ಮೇಜಿನ ಮೇಲಿದೆ. ಹಾಕಿ ನೋಡಿದೆ, ಈಗಲೂ ಹುಬ್ಬಿನ ಮೇಲೇ ನಿಲ್ಲುತ್ತದೆ. ದಾರಿಯಲ್ಲಿ ಅದೇ ಆಸ್ಪತ್ರೆ ಬರುತ್ತದೆ, ಅದೇ ಬೇವಿನಮರ.

ಈ ಸಲ ಎಣಿಸುವುದಿಲ್ಲ, ಮಾಸ್ಟರ್.

ನಿಮ್ಮ ಹಿಂದೆಯೇ ಬರುತ್ತಿರುವ,
ಪಾಪಾ